ಬಾಣಲೆ ಮಾರುವ ಮುಖ

"ಬಾಯಿ ಇನ್ನೂ ಸ್ವಲ್ಪ ಅಗಲ ಮಾಡಮ್ಮ," ಎಂದ ಅಂಗಡಿಯ ಮಾಲೀಕ, ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಕುರ್ಚಿಯ ಬೆನ್ನು ಹಿಡಿದು ಬಗ್ಗಿ. "ನೋಡಿದ ತಕ್ಷಣ ಜನ, ಅಯ್ಯೋ ಇವಳಿಗೇನಾಯ್ತು ಅನ್ನಬೇಕು."

ಪರದೆಯ ಮೇಲೆ ಬಾಯಿ ತೆರೆದು ನಿಂತಿದ್ದವಳು ಅವಳ ಒಡಹುಟ್ಟಿದ ಅಕ್ಕ. ತಂಗಿ ಮೌಸ್ ಹಿಡಿದು ಅಕ್ಕನ ತುಟಿಯನ್ನು ಕೆಳಕ್ಕೆ ಎಳೆದಳು, ಕಣ್ಣು ದೊಡ್ಡದು ಮಾಡಿದಳು, ಕೆನ್ನೆಯ ಮಚ್ಚೆ ಅಳಿಸಿದಳು. ಪಕ್ಕದಲ್ಲಿ ಹೊಳೆಯುವ ಕಪ್ಪು ಬಾಣಲೆ, ಅದರತ್ತ ಒಂದು ಕೆಂಪು ಬಾಣ, ಮೇಲೆ ಹಳದಿ ಅಕ್ಷರದಲ್ಲಿ "ನಂಬಲ್ಲ ನೀವು!". ಸಂಜೆ ಸಾಮಾನನ್ನು ನೇರ ಪ್ರಸಾರದಲ್ಲಿ ತೋರಿಸಿ ಮಾರುವ ಅಂಗಡಿಯ ಲೈವ್ ಶುರುವಾಗುವಾಗ ಜನರ ಫೋನಿನಲ್ಲಿ ಮೊದಲು ಕಾಣುವುದು ಈ ಪುಟ್ಟ ಚಿತ್ರ, ಥಂಬ್‌ನೇಲ್. ಅದನ್ನು ಒತ್ತಿದವರು ಮಾತ್ರ ಒಳಗೆ ಬರುತ್ತಾರೆ. ಬಂದರಷ್ಟೇ ಬಾಣಲೆ ಖರ್ಚಾಗುವುದು.

ಒಳಗೆ ಬಂದವರಿಗೆ ಅಕ್ಕ ಸಿಗುತ್ತಿರಲಿಲ್ಲ. ಅವಳನ್ನು ಕೆಲಸದಿಂದ ತೆಗೆದು ಎರಡು ತಿಂಗಳಾಗಿತ್ತು. ಅವಳು ಲೈವ್ ನಡೆಸುವಾಗ ಯಾರೋ "ಈ ಬಾಣಲೆಯ ಕಪ್ಪು ಲೇಪ ಏಳುತ್ತಾ?" ಎಂದು ಕೇಳಿದ್ದರು. "ಏಳುತ್ತೆ, ನಮ್ಮನೇದು ಎದ್ದಿದೆ, ಇದನ್ನ ತಗೋಬೇಡಿ," ಎಂದುಬಿಟ್ಟಿದ್ದಳು ಅಕ್ಕ. ಅಷ್ಟೇ. ಮರುದಿನ ದೀಪಗಳ ಮುಂದೆ ಹೊಸ ಹುಡುಗಿ ನಿಂತಿದ್ದಳು. ಆದರೆ ಹಿಂದೊಮ್ಮೆ ಇಡೀ ದಿನ ಬಿಳಿ ಪರದೆಯ ಮುಂದೆ ನಿಲ್ಲಿಸಿ ತೆಗೆಸಿಟ್ಟುಕೊಂಡ ಅಕ್ಕನ ಮುಖಗಳು, ಬೆರಗಿನದು, ನಗುವಿನದು, ಕೆನ್ನೆಗೆ ಕೈಯಿಟ್ಟದ್ದು, ಎಲ್ಲ ಕಂಪ್ಯೂಟರಿನಲ್ಲೇ ಉಳಿದಿದ್ದವು. ಆಳು ಬೇಡ, ಮುಖ ಬೇಕು. ನಾಚಿಕೆಗೆಟ್ಟ ಜನ.

"ಹೊಸಬಳ ಮುಖ ಹಾಕೋಣ ಸಾರ್," ಎಂದಳು ತಂಗಿ. ಇದನ್ನು ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು.

"ಅವಳನ್ನ ನೋಡಿ ಯಾರು ಬರ್ತಾರೆ? ನಿಮ್ಮಕ್ಕ ಅಂದ್ರೆ ಜನಕ್ಕೆ ನಂಬಿಕೆ ಕಣಮ್ಮ. ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ. ನೀನೇ ಹಿಂಗಂದ್ರೆ ಹೆಂಗೆ?"

ಅವನ ಬೆಣ್ಣೆಯಂಥ ಮಾತಿಗೇ ಅವಳ ಮೈ ಹೆಚ್ಚು ಉರಿಯುತ್ತಿದ್ದುದು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಮನೆಗೆ ಈಗ ಬರುತ್ತಿದ್ದುದು ಅವಳೊಬ್ಬಳ ಸಂಬಳ. ಹಲ್ಲು ಕಚ್ಚಿಕೊಂಡು ಚಿತ್ರ ಮುಗಿಸಿದಳು.

ಮನೆಗೆ ಬಂದರೆ ಬಾಗಿಲಲ್ಲೇ ರಾದ್ಧಾಂತ. ಎದುರು ಮನೆಯಾಕೆ ಬಾಣಲೆಯನ್ನು ಅಕ್ಕನ ಮೂಗಿನ ಹತ್ತಿರ ಹಿಡಿದಿದ್ದಳು.

"ನಿನ್ನ ಫೋಟೋ ನೋಡಿ ತಗೊಂಡೆ ಕಣೇ! ಮಗು ತಟ್ಟೇಲಿ ಕರೀ ಚಕ್ಕೆ ಬಿದ್ದಿದೆ. ದಿನಾ ಮುಖ ನೋಡೋ ನಂಗೇ ಟೋಪಿ ಹಾಕಿದ್ಯಲ್ಲ!"

"ಆ ಕೆಲಸ ಬಿಟ್ಟು ಎಷ್ಟು ದಿನ ಆಯ್ತು ರೀ. ನಂಗೂ ಅದಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ಫೋನಲ್ಲಿ ಬಾಯಿ ಕಳ್ಕೊಂಡು ನಿಂತಿರೋಳು ಯಾರು, ನಿನ್ನ ದೆವ್ವಾನಾ?"

ಅಕ್ಕ ಒಳಗೆ ಹೋಗಿ ತಮ್ಮ ಮನೆಯ ಕಬ್ಬಿಣದ ಬಾಣಲೆ ತಂದು ಆಕೆಯ ಕೈಗಿಟ್ಟಳು. ಆಕೆ ಅದನ್ನು ತೆಗೆದುಕೊಂಡು ಹೋದಳು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೆಟ್ಟ ಬಾಣಲೆ ಅಕ್ಕನ ಕೈಯಲ್ಲೇ ಉಳಿಯಿತು.

"ಇವತ್ತಿಂದು ನೋಡಿದೆ," ಎಂದಳು ಅಕ್ಕ ತಂಗಿಯ ಕಡೆ ತಿರುಗಿ. "ಮಚ್ಚೇನೂ ಅಳಿಸಿದ್ದೀಯ."

"ಅವರು ಹೇಳಿದ್ರು ಅಕ್ಕ..."

"ಅವನು ಹೇಳ್ತಾನೆ. ನನ್ನ ಬಾಯಿ ಹಿಡಿದು ಎಳೆಯೋ ಕೈ ಯಾರದೇ? ಬೇರೆ ಯಾರಾದ್ರೂ ಆಗಿದ್ರೆ ಕ್ಯಾಕರಿಸಿ ಉಗೀತಿದ್ದೆ. ನಿಂಗೆ ಏನು ಮಾಡ್ಲಿ? ಅಂಗಡಿಗೆ ಹೋಗೋಕಾಗಲ್ಲ, ಬೀದೀಲಿ ನಡೆಯೋಕಾಗಲ್ಲ. ಕಂಡವರೆಲ್ಲ ಕಳ್ಳಿ ನೋಡಿದ ಹಾಗೆ ನೋಡ್ತಾರೆ!"

ಅಕ್ಕ ಇದ್ದಕ್ಕಿದ್ದಂತೆ ಬಾಣಲೆಯನ್ನು ಎದೆಯ ಮುಂದೆ ಎತ್ತಿ ಹಿಡಿದಳು. ಲೇಪ ಕಿತ್ತು ಬಂದು ಒಳಗೆಲ್ಲ ತೊನ್ನು ಹಿಡಿದಂತಿತ್ತು.

"ತೆಗಿ ಫೋಟೋ. ನನ್ನ ಮುಖಾನೇ ಬೇಕಲ್ವಾ ಅವನಿಗೆ? ಇದನ್ನ ಹಾಕು. ಮಚ್ಚೆ ಮುಟ್ಟಬೇಡ, ಏನೂ ಮುಟ್ಟಬೇಡ."

"ನನ್ನ ಕೆಲಸ ಹೋಗುತ್ತೆ ಅಕ್ಕ."

"ಹೋಗ್ಲಿ. ಇಬ್ರೂ ಬೇರೆ ಹುಡುಕೋಣ. ತಲೆ ಎತ್ಕೊಂಡಾದ್ರೂ ಓಡಾಡ್ತೀನಿ."

ಮರುದಿನ ಸಂಜೆ ಲೈವ್ ಶುರುವಾಗುವ ಹೊತ್ತಿಗೆ ತಂಗಿ ಅದನ್ನೇ ಹಾಕಿದಳು. ಹುಬ್ಬು ಗಂಟಿಕ್ಕಿದ ಅಕ್ಕ, ಕೆಟ್ಟ ಬಾಣಲೆ, ದಪ್ಪ ಅಕ್ಷರದಲ್ಲಿ "ಈ ಬಾಣಲೆ ಕೊಳ್ಳಬೇಡಿ". ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಕುಳಿತಳು, ಬೈಸಿಕೊಂಡು ನೇರವಾಗಿ ಹೊರಡುವುದೆಂದು.

ಜನ ನುಗ್ಗಿದರು. ಅಕ್ಕನ ಯಾವ ನಗುವಿಗೂ ಇಷ್ಟು ಮಂದಿ ಬಂದಿರಲಿಲ್ಲ. ಯಾಕೆ ಕೊಳ್ಳಬಾರದು, ಅಕ್ಕನಿಗೆ ಯಾಕೆ ಸಿಟ್ಟು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಹೊಸ ಹುಡುಗಿ ಓದಿ ತಬ್ಬಿಬ್ಬಾದಳು. ಕ್ಯಾಮೆರಾದ ಹಿಂದಿದ್ದ ಮಾಲೀಕ ಫೋನಿನಲ್ಲಿ ಚಿತ್ರ ನೋಡಿದ, ಆಮೇಲೆ ಹುಡುಗಿಗೆ ಕಾಣುವಂತೆ ರಟ್ಟಿನ ಮೇಲೆ ಏನೋ ಗೀಚಿ ಎತ್ತಿ ಹಿಡಿದ. ಹುಡುಗಿಯ ಮುಖ ಅರಳಿತು.

"ಅಯ್ಯೋ, ಅಕ್ಕನ ಕೈಯಲ್ಲಿರೋದು ಬೇರೆ ಅಂಗಡೀದು ಕಣ್ರೀ! ಅದನ್ನ ಕೊಳ್ಳಬೇಡಿ ಅಂತಿದ್ದಾರೆ. ನಮ್ಮದು ನೋಡಿ, ಹೆಂಗಿದೆ!"

ಪಕ್ಕದ ಕೋಣೆಯಲ್ಲಿ ಕುಳಿತು ನೋಡುತ್ತಿದ್ದ ತಂಗಿಗೆ ಕೈಗೆ ಸಿಕ್ಕಿದ್ದನ್ನು ಪರದೆಗೆ ಎಸೆಯಬೇಕೆನಿಸಿತು. ಎದ್ದು ನಿಂತಳು. ಅಷ್ಟರಲ್ಲಿ ಮಾಲೀಕನೇ ಒಳಗೆ ಬಂದ, ನಗುತ್ತಾ.

"ಏನ್ ತಲೆ ಕಣಮ್ಮ ನಿಂದು! ಗೋದಾಮು ಖಾಲಿ!"

"ಸಾರ್, ಅದು ನಮ್ಮ ಬಾಣಲೆನೇ. ನಿಮ್ಮ ಮಾನ ಕಳೀಬೇಕು ಅಂತಾನೇ ಹಾಕಿದ್ದು."

"ಗೊತ್ತಮ್ಮ. ನಮ್ಮ ಬಾಣಲೆ ನಂಗೆ ಗೊತ್ತಾಗಲ್ವಾ?" ಅವನ ನಗು ಸ್ವಲ್ಪವೂ ಕುಗ್ಗಲಿಲ್ಲ. "ಯಾಕೆ ಹಾಕಿದೆ ಅನ್ನೋದು ನಂಗ್ಯಾಕೆ? ನಾಳೆ ನಿಮ್ಮಕ್ಕನ್ನ ಕರ್ಕೊಂಡು ಬಾ. ಒಂದು ದಿನ ಪೂರ್ತಿ ಬರೀ ಸಿಟ್ಟಿನ ಮುಖ ತೆಗ್ಸೋಣ."

"ನಿಮ್ಮ ಮುಖಕ್ಕಿಷ್ಟು," ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಯಾರನ್ನೋ ಕೂಗುತ್ತಾ ಬಾಗಿಲು ದಾಟಿದ್ದ. ಫೋನ್ ಹೊಡೆದುಕೊಂಡಿತು. ಅಕ್ಕ.

"ಹಾಕಿದ್ಯೇನೇ?"

"ಹಾಕಿದೆ."

"ಜನ ನೋಡಿದ್ರಾ?"

"ತುಂಬಾ ಜನ ನೋಡಿದ್ರು ಅಕ್ಕ."

"ಯಾರೂ ತಗೊಳ್ಳಲಿಲ್ಲ ತಾನೆ?" ಅಕ್ಕನ ದನಿಯಲ್ಲಿ ಎಷ್ಟೋ ದಿನದ ಮೇಲೆ ಹುರುಪಿತ್ತು.

ಗೋಡೆಯಾಚೆ ಪೆಟ್ಟಿಗೆಗಳಿಗೆ ಟೇಪು ಸುತ್ತಿ ಪರ್ರೆಂದು ಹರಿಯುವ ಸದ್ದು ಎದ್ದಿತು, ಫೋನಿನೊಳಗೂ ಹೋಯಿತು. ಒಂದು, ಇನ್ನೊಂದು, ಆಮೇಲೆ ಬಿಡುವೇ ಇಲ್ಲದಂತೆ. ವರ್ಷಗಟ್ಟಲೆ ಆ ಸದ್ದಿನ ಪಕ್ಕದಲ್ಲೇ ದುಡಿದವಳು ಅಕ್ಕ.

"ಪ್ಯಾಕಿಂಗಿಗೆ ಎಷ್ಟು ಜನ ಕೂತಿದ್ದಾರೆ?" ಎಂದು ಕೇಳಿದಳು.

"ಎಲ್ಲಾರೂ."

ಅಕ್ಕ ಫೋನ್ ಇಡಲಿಲ್ಲ. ತಂಗಿಯೂ ಇಡಲಿಲ್ಲ. ಟೇಪು ಹರಿಯುತ್ತಲೇ ಇತ್ತು.