ಯಾರೂ ಓದದ ಚೀಟಿಗಳ ಡಬ್ಬ

ಕಪಾಟಿನ ಹದಿನೇಳನೇ ಗೂಡಿನಲ್ಲಿ ಯಾವುದೋ ಫೋನು ಗುರ್ ಎನ್ನುತ್ತಿದೆ, ಆಫ್ ಮಾಡಿ ಕೊಡ್ರಪ್ಪಾ ಎಂದು ಅಷ್ಟು ಸಲ ಬಡಕೊಂಡರೂ ಒಬ್ಬ ಮಹಾಶಯ ಹಾಗೇ ಇಟ್ಟು ಒಳಗೆ ಹೋಗಿದ್ದಾನೆ, ಅದರ ನಡುಕಕ್ಕೆ ಅಕ್ಕಪಕ್ಕದ ಫೋನುಗಳೂ ಚಳಿ ಹಿಡಿದವರಂತೆ ಅಲುಗುತ್ತಿವೆ — ಅಮ್ಮ ಎಂದು ಬಂದಿದೆ ಪರದೆಯ ಮೇಲೆ, ಪರೀಕ್ಷೆ ಶುರುವಾಗಿ ಹನ್ನೆರಡು ನಿಮಿಷವಾಯಿತು ತಾಯಿ, ನಿನ್ನ ಮಗ ಒಳಗೆ ಕೂತು ಬರೆಯುತ್ತಿದ್ದಾನೆ, ಈಗ ಎಂಥ ಫೋನು ಎಂದು ಲೈಬ್ರರಿ ಅಕ್ಕ ಮನಸ್ಸಿನಲ್ಲೇ ಗದರಿದಳು, ಗದರಿದ ಮರುಗಳಿಗೆ ಆ ಎರಡಕ್ಷರದಿಂದ ಕಣ್ಣು ಕಿತ್ತು ಕಾರಿಡಾರಿನ ತುದಿಯ ಮೆಟ್ಟಿಲ ಕಡೆ ನೋಡಿದಳು. ಯಾರೂ ಇಲ್ಲ. ನಲವತ್ತೆರಡು ಗೂಡು, ನಲವತ್ತೊಂದು ಫೋನು, ಒಂದೇ ಒಂದು ಟೋಕನ್ ಮೇಜಿನ ಮೇಲೆ ಉಳಿದಿದೆ, ಅದು ಫೋನಮ್ಮನದು, ಹುಡುಗರು ಆ ಹುಡುಗಿಗೆ ಇಟ್ಟ ಹೆಸರು, ಮೂರು ಹೊತ್ತೂ ಕಿವಿಗೆ ಫೋನು ಒತ್ತಿಕೊಂಡು ಕಾರಿಡಾರಿನಲ್ಲಿ ಓಡಾಡುವವಳೆಂದು, ಯಾವನೋ ಇದ್ದಾನೆ ಬಿಡಿ ಅಕ್ಕ, ಮದುವೆ ಊಟ ಗ್ಯಾರಂಟಿ ಎಂದು ಹುಡುಗಿಯರೂ ಕಿಸಕ್ಕೆನ್ನುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ನರಪಿಳ್ಳೆಯನ್ನೂ ಬಿಡಬಾರದೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆ. ಬರುತ್ತಾಳೆ, ಬಸ್ಸು ತಡವಾಗಿರಬೇಕು — ಯಾವ ಬಸ್ಸು, ಹಾಸ್ಟೆಲಿನಿಂದ ಇಲ್ಲಿಗೆ ನಡೆದರೆ ನಾಲ್ಕು ನಿಮಿಷ, ಯಾರಿಗೆ ಹೇಳುತ್ತೀ ಈ ಬಸ್ಸಿನ ಕಥೆ, ನಿನಗೇನಾ.

ಮಕ್ಕಳಿಗೆ ನೀವಂದ್ರೆ ಸಲಿಗೆ, ಅವರ ಪರೀಕ್ಷೆ ಭಯಕ್ಕೆ ಈ ಸಲ ನೀವೇ ಏನಾದ್ರೂ ಮಾಡಿ ಎಂದಿದ್ದರು ಪ್ರಿನ್ಸಿಪಾಲರು, ಅಷ್ಟಕ್ಕೇ ಅವಳು ನೆಲದಿಂದ ಒಂದು ಗೇಣು ಮೇಲೆದ್ದಿದ್ದಳು, ಪಾಠ ಮಾಡುವವರಿಗೆ ಬಿಟ್ಟು ಪುಸ್ತಕ ಜೋಡಿಸುವವಳಿಗೆ ಹೇಳಿದರಲ್ಲ ಎಂದು. ಓದುವ ಕೋಣೆಯ ಹಿಂದಿನ ಉದ್ದ ಮೇಜನ್ನು ಅವಳೇ ಉಜ್ಜಿ ಒರೆಸಿದಳು, ಬಣ್ಣದ ಪೆನ್ಸಿಲು ಇಟ್ಟಳು, ನಾಲ್ಕು ಗಂಟೆಗೆ ಫ್ಲಾಸ್ಕಿನಲ್ಲಿ ಚಹಾ, ಇಪ್ಪತ್ತೈದು ನಿಮಿಷ ಓದು ಐದು ನಿಮಿಷ ಮೈಮುರಿಯುವುದು, ಅದಕ್ಕೆಂದೇ ಮನೆಯ ಅಲಾರಾಂ ಗಡಿಯಾರ. ಕಾಲು ಕುಣಿಸುತ್ತ ಒಂದೇ ಪುಟವನ್ನು ದಿನವಿಡೀ ನೋಡುತ್ತಿದ್ದವನ ಮುಂದೆ ಕೂತು, ನಂಗೆ ಹೇಳಿಕೊಡಪ್ಪ, ನಾನು ಶುದ್ಧ ದಡ್ಡಿ ಎಂದರೆ ಅವನು ತಲೆ ಕೆರೆದುಕೊಂಡು ಶುರು ಮಾಡುತ್ತಿದ್ದ, ಅಧ್ಯಾಯ ಮುಗಿಯುವಷ್ಟರಲ್ಲಿ ಕಾಲು ನಿಂತಿರುತ್ತಿತ್ತು — ಇದೆಲ್ಲ ನಿಜ, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ, ಒಳ್ಳೆಯದೂ ಮಾಡಿದ್ದಾಳೆ ಅವಳು, ಅದನ್ನು ಈಗ ಯಾಕೆ ಎಣಿಸುತ್ತಿದ್ದಾಳೆ, ಆ ಡಬ್ಬದ ಮಾತು ಬರುವುದನ್ನು ತಡೆಯಲಿಕ್ಕೇ ಅಲ್ಲವೇ. ಆಯಿತು, ಡಬ್ಬ. ರಜೆಯ ದಿನ ಪುಸ್ತಕ ಹಿಂತಿರುಗಿಸಲಿಕ್ಕೆಂದು ಇದ್ದ ಹಳೇ ತಗಡಿನ ಡಬ್ಬ, ಅದರ ಮೇಲೆ ಅವಳದೇ ದುಂಡು ಅಕ್ಷರ, ನಿಮ್ಮ ಭಯವನ್ನು ಬರೆದು ಹಾಕಿ, ಹೆಸರು ಬೇಡ, ಯಾರೂ ಓದುವುದಿಲ್ಲ, ಶನಿವಾರ ಎಲ್ಲರ ಮುಂದೆ ಆಫೀಸಿನ ಯಂತ್ರಕ್ಕೆ ಕೊಟ್ಟು ಚೂರುಚೂರು ಮಾಡುತ್ತೇವೆ. ಬೀಗದ ಕೀಲಿ ಅವಳ ಹತ್ತಿರವೇ. ಮೊದಲ ದಿನ ಡಬ್ಬದ ಬಾಯಿಗೆ ಒಂದು ಚೀಟಿ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಲು ಹೋಗಿ ಕಣ್ಣಿಗೆ ಬಿತ್ತು, ಅದು ಆಕಸ್ಮಿಕ, ಎರಡನೇ ದಿನ ಆಕಸ್ಮಿಕವಲ್ಲ, ಮೂರನೇ ದಿನ ಸಂಜೆ ಎಲ್ಲರೂ ಹೋದ ಮೇಲೆ ಕುರ್ಚಿ ಎಳೆದುಕೊಂಡು, ಉಳಿದ ಚಹಾ ಬಗ್ಗಿಸಿಕೊಂಡು ಕೂತಳು, ಅಪ್ಪ ಊರಿಗೆಲ್ಲ ಹೇಳಿಟ್ಟಿದ್ದಾರೆ ನಾನು ಫಸ್ಟ್ ಬರ್ತೀನಿ ಅಂತ, ಉತ್ತರ ಗೊತ್ತಿದ್ರೇ ಕೈ ಬೆವರೋದು, ಗೊತ್ತಿಲ್ದಿದ್ರೆ ಆರಾಮ್, ಅಯ್ಯೋ ಎಂಥ ಮಾತುಗಳು, ಒಂದೊಂದರಲ್ಲೂ ಒಂದೊಂದು ಗಂಟಲು, ಅವಳಿಗೆ ಬಿಡಲಾಗಲಿಲ್ಲ. ಜನರ ಮಾತೆಂದರೆ ಅವಳಿಗೆ ಬಾಯಲ್ಲಿ ನೀರು. ಹದಿನೆಂಟು ನಿಮಿಷ. ಮೆಟ್ಟಿಲ ಮೇಲೆ ಸಪ್ಪಳ — ಅಟೆಂಡರ್, ನೀರಿನ ಕ್ಯಾನು ಹೊತ್ತುಕೊಂಡು, ಏನಕ್ಕಾ, ಮುಖ ಯಾಕೆ ಹೀಗಿದೆ, ಪರೀಕ್ಷೆ ನಿಮಗೋ ಅವರಿಗೋ ಎಂದು ನಕ್ಕು ಹೋದ.

ಶನಿವಾರ. ಮಾತಾಡಲು ಬರಬೇಕಿದ್ದ ಡಾಕ್ಟರು ಬರಲಿಲ್ಲ, ಎದುರಿಗೆ ನಲವತ್ತೆರಡು ಮುಖ, ಹೆಣ ಕಾಯುವವರ ಹಾಗೆ ಕೂತಿವೆ, ಹಿಂದೆ ಪ್ರಿನ್ಸಿಪಾಲರು ಕೈಕಟ್ಟಿ ನಿಂತಿದ್ದಾರೆ, ಏನಾದರೂ ಹೇಳಿ ನಗಿಸಬೇಕು, ನಕ್ಕರೆ ಗಂಟು ಸಡಿಲವಾಗುತ್ತದೆ, ಒಂದು ಹಳೇ ಜೋಕು ಹೇಳಿದಳು, ಯಾರೂ ನಗಲಿಲ್ಲ, ಇನ್ನೊಂದು, ಯಾರೋ ಕೆಮ್ಮಿದರು, ಆಗ ಬಾಯಿಗೆ ಬಂದೇಬಿಟ್ಟಿತು. ನಿಮ್ಮಲ್ಲೇ ಒಬ್ರು ಜಾಣರಿದ್ದಾರೆ ಕಣ್ರೋ, ಫೋನ್ ಆಫ್ ಮಾಡಿ ಕಿವಿಗಿಟ್ಕೊಂಡು ಪೂರ್ತಿ ಪಾಠ ಒಪ್ಪಿಸ್ತಾರಂತೆ, ಆ ಕಡೆ ಯಾರೂ ಇಲ್ಲ, ಎಷ್ಟು ತಪ್ಪು ಹೇಳಿದ್ರೂ ಬೈಯೋರಿಲ್ಲ, ಇದಕ್ಕಿಂತ ಒಳ್ಳೇ ಮೇಷ್ಟ್ರು ಸಿಗ್ತಾರಾ. ಆಮೇಲೆ ನಲವತ್ತೊಂದು ತಲೆಗಳು ಒಂದೇ ಸಲ ಮೂರನೇ ಸಾಲಿನ ಕಿಟಕಿಯ ಕಡೆ ತಿರುಗಿದವು, ಆಫ್ ಫೋನಾ, ಅಯ್ಯೋ ಫೋನಮ್ಮಾ ಎಂದು ಯಾವನೋ ಕಿರುಚಿದ, ಚಾವಣಿ ಹಾರಿಹೋಗುವಂಥ ನಗು, ಪ್ರಿನ್ಸಿಪಾಲರೂ ನಕ್ಕರು, ಅವಳಿಗೆ — ಹೇಳು, ಇದನ್ನೂ ಹೇಳು — ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು, ಎಂಥ ಖುಷಿ, ಗೆದ್ದೆ ಅನ್ನಿಸಿತು. ಆ ಹುಡುಗಿಯೂ ನಕ್ಕಳು. ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕಳು, ನಗುತ್ತಲೇ ಎಡಗೈ ತಾನಾಗಿ ಕಿವಿಯ ಕಡೆ ಹೋಯಿತು, ಭುಜದ ಹತ್ತಿರ ತಡೆದು ನಿಂತಿತು, ಇಳಿಯಿತು.

ಯಾರ ಚೀಟಿಯೆಂದು ಗೊತ್ತಿರಲಿಲ್ಲ. ಹೆಸರಿರಲಿಲ್ಲವಲ್ಲ, ಹೇಗೆ ಗೊತ್ತಾಗಬೇಕು, ಎಂದು ಶನಿವಾರದಿಂದ ಇಂದಿನವರೆಗೆ ಎಷ್ಟು ಸಲ ಹೇಳಿಕೊಂಡಿದ್ದಾಳೆ, ಗಂಡನಿಗೂ ಹಾಗೇ ಹೇಳಿದ್ದಳು ಊಟಕ್ಕೆ ಕೂತಾಗ, ಅವನೂ ಮೊದಲು ನಕ್ಕ, ಆಮೇಲೆ ಆ ಹುಡುಗಿ ಏನು ಮಾಡ್ತು ಎಂದು ಕೇಳಿದ, ಅವಳೂ ನಕ್ಕಳು ಎಂದದ್ದಕ್ಕೆ ತುತ್ತು ಕೈಯಲ್ಲೇ ಉಳಿಯಿತು, ಡಬ್ಬಕ್ಕೆ ಬೀಗ ಹಾಕಿದ್ಯಲ್ಲೇ ಮಾರಾಯ್ತಿ, ಹಾಕಬೇಕಾದ ಜಾಗ ಅದಲ್ಲ ಎಂದು ಎದ್ದು ಕೈ ತೊಳೆದ. ಮೂರು ವರ್ಷದಿಂದ ವಾರಕ್ಕೆರಡು ಸಲ ಆ ಹುಡುಗಿಯ ಅಕ್ಷರ ನೋಡುತ್ತಿದ್ದಾಳೆ, ಪುಸ್ತಕದ ಚೀಟಿಯಲ್ಲಿ, ಎಡಕ್ಕೆ ಒರಗಿದ ಅಕ್ಷರ, ಕುರುಡಿಯೂ ಗುರುತಿಸಬೇಕು. ಗೊತ್ತಿತ್ತು. ಹೋದ ವರ್ಷ ಆ ಹುಡುಗಿಯ ತಾಯಿ ತೀರಿಕೊಂಡಾಗ ಪುಸ್ತಕ ಹಿಂತಿರುಗಿಸುವ ತಾರೀಕನ್ನು ಮುಂದೆ ಹಾಕಿದವಳು ಇವಳೇ, ತಲೆ ಸವರಿದವಳು ಇವಳೇ, ಗೊತ್ತಿತ್ತು. ಚೀಟಿಯಲ್ಲಿ ಇನ್ನೊಂದು ಸಾಲಿತ್ತು, ಆ ಕಡೆ ಅಮ್ಮ ಕೇಳ್ತಾ ಇದ್ದಾಳೆ ಅಂದ್ಕೊಂಡ್ರೇ ನನಗೆ ನೆನಪಿರೋದು, ಇದು ಯಾರಿಗಾದ್ರೂ ಗೊತ್ತಾದ್ರೆ ಅನ್ನೋದೇ ನನ್ನ ಭಯ, ಆ ಸಾಲನ್ನು ಬಿಟ್ಟೇ ಹೇಳಿದ್ದಳು ಅವಳು, ಅದನ್ನು ಸೇರಿಸಿದ್ದರೆ ಯಾರು ನಗುತ್ತಿದ್ದರು, ನಗುವಿಗೆ ಅಡ್ಡ ಬರುವುದನ್ನು ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ ಕೈ ಯಾರದು, ಬಾಯಿ ತಪ್ಪಿತು ಎನ್ನುತ್ತೀಯಾ, ಬಾಯಿ ತಪ್ಪಿದರೆ ಎಲ್ಲವೂ ಸುರಿಯುತ್ತದೆ, ಬೇಕಾದಷ್ಟೇ ಸುರಿಯುವುದಿಲ್ಲ. ಸೋಮವಾರ ಕಪಾಟುಗಳ ನಡುವೆ ಆ ಹುಡುಗಿಯನ್ನು ಕಂಡಿದ್ದಳು, ಬೆನ್ನು ಈ ಕಡೆ, ತುಟಿ ಅಲ್ಲಾಡುತ್ತಿತ್ತು, ಬರಿಗೈ ಕಿವಿಯತ್ತ ಏಳುತ್ತಿತ್ತು, ಅರ್ಧಕ್ಕೇ ನಿಂತು ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು, ಹೋಗಿ ತಪ್ಪಾಯ್ತು ಕಣೇ ಅನ್ನಬೇಕಿತ್ತು, ಅನ್ನಲಿಲ್ಲ, ಪುಸ್ತಕದ ರಾಶಿ ಎತ್ತಿಕೊಂಡು ಕಳ್ಳಿಯ ಹಾಗೆ ಬೇರೆ ಸಾಲಿಗೆ ಸರಿದಿದ್ದಳು.

ಇಪ್ಪತ್ತೇಳು ನಿಮಿಷ. ಚಪ್ಪಲಿಯ ಸದ್ದು, ಓಡುವ ಸದ್ದಲ್ಲ, ನಡೆಯುವ ಸದ್ದು, ಮೆಟ್ಟಿಲ ತುದಿಯಲ್ಲಿ ಮೊದಲು ತಲೆ, ಆಮೇಲೆ ಕುತ್ತಿಗೆ, ಹೌದು, ಬಂದಳು, ದೇವರೇ ಬಂದಳು, ಈಗ ಹೇಳಬೇಕು, ಮೂರು ದಿನದಿಂದ ಬಾಯಿಪಾಠ ಮಾಡಿದ್ದನ್ನು ಈಗಲೇ, ನಿಂತು, ಕೈ ಹಿಡಿದು — ಫೋನ್ ಕೊಡಮ್ಮಾ ಎಂದಿತು ಬಾಯಿ. ತಂದಿಲ್ಲ ಅಕ್ಕ ಎಂದಳು ಹುಡುಗಿ. ಪೆಟ್ಟಿಗೇಲಿ ಇಟ್ಟುಬಿಟ್ಟೆ, ಇನ್ನು ಬೇಕಾಗಲ್ಲ. ಕಣ್ಣು ಊದಿದೆ, ಹಾಲ್ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಹೋಗಬೇಕೆಂದು ತಿರುಗಿದವಳು ನಿಂತಳು, ಇವಳ ಮುಖದಲ್ಲಿ ಏನು ಕಂಡಿತೋ, ನೀವು ಬೇಜಾರು ಮಾಡ್ಕೋಬೇಡಿ ಅಕ್ಕ, ಎಲ್ಲರಿಗೂ ಟೆನ್ಶನ್ ಕಮ್ಮಿ ಆಯ್ತಂತೆ ಆವತ್ತು, ಎಲ್ಲರೂ ಅಂದ್ರು. ಮೆತ್ತಗೆ ಹೇಳಿದಳು, ಚುಚ್ಚಲಿಕ್ಕಲ್ಲ, ಚುಚ್ಚಿದ್ದರೆ ಬದುಕುತ್ತಿದ್ದಳು ಇವಳು. ಬೇಗ ಹೋಗು, ಹೊತ್ತಾಯ್ತು, ಅಷ್ಟೇ, ಅಷ್ಟೇ ಹೊರಬಂದದ್ದು, ಊರಿಗೆಲ್ಲ ಮಾತು ಹಂಚುವ ಬಾಯಿಂದ. ಬಾಗಿಲು ಮುಚ್ಚಿತು. ಬಾಗಿಲಿನ ಗಾಜಿನಲ್ಲಿ ಕಾಣುತ್ತದೆ, ಕೊನೆಯ ಸಾಲು, ಪ್ರಶ್ನೆಪತ್ರಿಕೆ ಕೊಟ್ಟರು, ಓದುತ್ತಿದ್ದಾಳೆ, ಪೆನ್ನಿನ ಮುಚ್ಚಳ ತೆಗೆದಳು, ಬರಿ, ಬರಿಯೇ ನನ್ನವ್ವ, ನಿನಗೆ ಗೊತ್ತಿದೆ, ಸುತ್ತಲೂ ನಲವತ್ತೊಂದು ತಲೆ ಬಗ್ಗಿ ಬರೆಯುತ್ತಿವೆ, ಹಗುರಾಗಿ, ಸಲೀಸಾಗಿ, ಅವಳ ತುಟಿ ಅಲ್ಲಾಡಿತು, ಎಡಗೈ ಮೇಜು ಬಿಟ್ಟು ಏಳುತ್ತಿದೆ, ಎದೆ ದಾಟಿತು, ಭುಜ, ಕಿವಿಗೆ ಇನ್ನು ನಾಲ್ಕು ಬೆರಳು, ಹೋಗಲಿ, ಇಟ್ಟುಕೋ, ಯಾರೂ ನೋಡುತ್ತಿಲ್ಲ, ನಾನು ನೋಡುತ್ತಿಲ್ಲ — ನಿಂತಿತು, ಕೈ, ಅಲ್ಲೇ, ಇಳಿಯದೆ, ಏರದೆ, ಖಾಲಿ ಕೈ, ಭುಜಕ್ಕೂ ಕಿವಿಗೂ ನಡುವೆ, ಕೈ