ನಾಲ್ಕನೇ ಹಾಸಿಗೆಯ ಬೇಸಿನ್

ಬಿಳಿ ಕಾಗದ, ಮತ್ತೊಂದು ಬಿಳಿ ಕಾಗದ, ದಿಂಬಿನ ಮೇಲೆ ಒಂದು, ಪಕ್ಕದ ಕಂಬಿಗೆ ಒಂದು — ಎಷ್ಟು ಓರಣವಾಗಿ ಹಾಸುತ್ತಾಳೆ ಈ ಸಿಸ್ಟರ್, ಅಂಚಿಗೆ ಅಂಚು ಕೂಡಿಸಿ, ಮೂಲೆಗೆ ಟೇಪು ಹಚ್ಚಿ, ಹನ್ನೊಂದು ಗಂಟೆಯ ಬೆಳಕು ಕಿಟಕಿಯಿಂದ ನೇರವಾಗಿ ಅದರ ಮೇಲೆ ಬೀಳುತ್ತಿದೆ, ಬೆಳಕು ಚೆನ್ನಾಗಿದೆ, ಆ ಕಿಟಕಿ ನಕ್ಷೆಯಲ್ಲಿ ನಾನೇ ಬರೆದದ್ದು, ಕಿಟಕಿಯಲ್ಲಿ ತಪ್ಪಿಲ್ಲ — ಛೆ, ಈಗಲೂ ಬುದ್ಧಿ ಓಡುವುದು ಅಲ್ಲಿಗೇ, ಅಕ್ಕ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಗಂಟಲಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾಳೆ, ನಾನಿಲ್ಲಿ ನನ್ನ ಕಿಟಕಿಗೆ ಅಂಕ ಕೊಡುತ್ತಿದ್ದೇನೆ. ನಾಲ್ಕನೇ ಹಾಸಿಗೆ ಖಾಲಿ. ಮೊನ್ನೆಯವರೆಗೆ ಅವಳು ಇಲ್ಲೇ ಇದ್ದಳು, ಹೊಟ್ಟೆಯ ಆಪರೇಷನ್ ಆಗಿ ಆರು ದಿನ, ಗಾಯ ಒಣಗುತ್ತಿತ್ತು, ಕತ್ತಿನಲ್ಲಿ ಡ್ರಿಪ್ಪಿನ ಸೂಜಿಯೊಂದು ಉಳಿದಿತ್ತು, ಅದನ್ನೂ ತೆಗೆದು ನಾಳಿದ್ದು ಮನೆಗೆ ಎಂದಿದ್ದರು, ಏಳನೆಯ ದಿನ ಚಳಿಜ್ವರ, ಎಂಟನೆಯ ದಿನ ಮಾತು ತೊದಲಿತು, ಒಂಬತ್ತನೆಯ ದಿನ ಉಸಿರಿಗೆ ಯಂತ್ರ. ಎರಡು ಔಷಧಿ ಸೋತವು, ಮೂರನೆಯದು ನಿನ್ನೆ ಶುರುವಾಗಿದೆ, ನಾಲ್ಕನೆಯದು ಇಲ್ಲ ಎಂದು ಡಾಕ್ಟರು ನೆಲ ನೋಡಿಕೊಂಡು ಹೇಳಿದರು, ಆ ನೆಲವೂ ನಾನೇ ಆರಿಸಿದ್ದು. ಎರಡು ತಿಂಗಳಲ್ಲಿ ಇದೇ ಹಾಸಿಗೆಯಲ್ಲಿ ಇದೇ ಜ್ವರ ಬಂದವರಲ್ಲಿ ಅಕ್ಕ ಮೂರನೆಯವಳು, ಮೊದಲಿನ ಇಬ್ಬರೂ ಉಳಿಯಲಿಲ್ಲ. ನೆಲ ಒರೆಸುವ ಆಯಾಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು, ಆ ಬೆಡ್ಡು ಸರಿ ಇಲ್ಲಮ್ಮ, ಬೇರೆ ಕೇಳ್ಕೊಳ್ಳಿ ಎಂದು ಮೊದಲ ದಿನವೇ ಕಿವಿಯಲ್ಲಿ ಉಸುರಿದಳು, ಹಾಸಿಗೆಗೂ ಗ್ರಹಚಾರ ಇರುತ್ತದೆಯೇ ಎಂದು ನಾನು ನಕ್ಕುಬಿಟ್ಟೆ, ಅಷ್ಟೇ ಅಲ್ಲ, ಇದನ್ನು ನಾನೇ ಹಟ ಮಾಡಿ ಕೇಳಿ ಪಡೆದಿದ್ದೆ, ಕಿಟಕಿಯ ಪಕ್ಕ, ಬೇಸಿನ್ನಿನ ಪಕ್ಕ, ಇಡೀ ವಾರ್ಡಿನಲ್ಲೇ ಒಳ್ಳೆಯ ಜಾಗ, ಬರೆದವಳಿಗೆ ಗೊತ್ತಿರುವುದಿಲ್ಲವೇ.

ಬೇಸಿನ್. ಅಗಲ, ಬಿಳುಪು, ಆಳವೇ ಇಲ್ಲದ್ದು, ಮೇಲೆ ಬಾಗಿದ ಎತ್ತರದ ನಲ್ಲಿ, ಬೀಳುವ ನೀರೆಲ್ಲ ನೆಟ್ಟಗೆ ನಡುವಿನ ತೂತಿಗೇ. ಮೊದಲ ನಕ್ಷೆಯಲ್ಲಿ ಅದು ಬಾಗಿಲ ಬಳಿ ಇತ್ತು, ಎಲ್ಲಿರಬೇಕೋ ಅಲ್ಲಿ, ಆಮೇಲೆ ಆಸ್ಪತ್ರೆಯವರು ಆರು ಹಾಸಿಗೆ ಸಾಲದು, ಎಂಟು ಬೇಕು ಎಂದರು, ಎಂಟು ತೂರಿಸಿದರೆ ಬಾಗಿಲ ಬಳಿ ಬೇಸಿನ್ನಿಗೆ ಜಾಗವಿಲ್ಲ, ತಲೆ ಕೆರೆದುಕೊಂಡು ಕೂತಿದ್ದೆ, ಥಟ್ಟನೆ ಹೊಳೆಯಿತು — ನಾಲ್ಕನೆಯ ಹಾಸಿಗೆಯ ತಲೆಯ ಹಿಂದಿನ ಗೋಡೆಯಾಚೆ ಶೌಚಾಲಯ, ಪೈಪು ಅಲ್ಲೇ ಇದೆ, ಗೋಡೆಯನ್ನು ಒಂದು ಕಡೆ ಕೊರೆದರೆ ಮುಗಿಯಿತು, ರಬ್ಬರಿನಿಂದ ಅಲ್ಲಿ ಅಳಿಸಿದೆ, ಪೆನ್ಸಿಲಿನಿಂದ ಇಲ್ಲಿ ಬರೆದೆ, ಎರಡೇ ನಿಮಿಷ. ಅದಕ್ಕೊಂದು ಸಮರ್ಥನೆಯನ್ನೂ ಹೊಸೆದೆ, ಕೈಗೆಟಕುವ ದೂರದಲ್ಲಿದ್ದರೆ ಜನ ಹೆಚ್ಚು ಸಲ ಕೈ ತೊಳೆಯುತ್ತಾರೆ, ಸುಳ್ಳೇನಲ್ಲ, ತೊಳೆದರು, ನಾನೇ ಎಷ್ಟು ತೊಳೆದೆ. ಪ್ಲಂಬರು, ತಲೆ ನರೆತ ಮನುಷ್ಯ, ನಲ್ಲಿ ತಿರುಗಿಸಿ ತೋರಿಸಿದ, ನೋಡಿ ಮೇಡಂ, ನೀರು ಸೀದಾ ತೂತಿಗೇ ಹೊಡೀತಿದೆ, ಎಗರುತ್ತೆ, ನನ್ನ ಅಂಗಿ ನೋಡಿ, ಆಳದ್ದು ಹಾಕ್ಸಿ. ಆಳದ್ದು ಪಾತ್ರೆ ತೊಳೆಯುವ ತೊಟ್ಟಿಯಂತೆ ಕಾಣುತ್ತದೆ, ಒದ್ದೆಯಾದರೆ ಒರೆಸಿಕೊಳ್ಳಲಿ ಎಂದೆ, ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ನಿಮ್ಮಿಷ್ಟ ಎಂದ. ಅವನಿಗೆ ಅಂಗಿಯ ಚಿಂತೆ, ನನಗೆ ವಾರ್ಡಿನ ಫೋಟೋದ ಚಿಂತೆ, ಆ ತೂತಿನೊಳಗೆ ಮುಂದೆ ಏನು ಬೆಳೆಯುತ್ತದೆ ಎಂಬ ಚಿಂತೆ ಇಬ್ಬರಿಗೂ ಇರಲಿಲ್ಲ, ಆದರೆ ಅದು ಅವನ ಕೆಲಸವಲ್ಲ, ನನ್ನದಾಗಿತ್ತು. ಫೋಟೋ ಚೆನ್ನಾಗಿಯೇ ಬಂತು, ಅದನ್ನು ನೋಡಿ ಇನ್ನೂ ಐದು ಆಸ್ಪತ್ರೆಯವರು ಇಂಥದ್ದೇ ವಾರ್ಡು ಬೇಕು ಎಂದರು, ನಾನೇನು ಹೊಸದಾಗಿ ಬರೆಯುತ್ತ ಕೂತೆನೇ, ಇದೇ ಹಾಳೆಯ ತಲೆಬರಹ ಬದಲಿಸಿ ಐದು ಪ್ರತಿ ತೆಗೆದೆ, ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದು. ಮೊದಲ ಫೋಟೋ ಇನ್ನೂ ಕೆಳಗೆ ಪ್ರವೇಶದ್ವಾರದಲ್ಲಿ ಗಾಜಿನ ಹಿಂದೆ ತೂಗುತ್ತಿದೆ, ದಿನವೂ ಅದರ ಮುಂದೆಯೇ ಹಾದು ಬರುತ್ತೇನೆ.

ಕೈ ತೊಳ್ಕೊಂಡ್ಯೇನೇ. ಅಕ್ಕನ ಮಾತು ಶುರುವಾಗುತ್ತಿದ್ದದ್ದೇ ಅಲ್ಲಿಂದ, ಅಮ್ಮ ಹೋದಾಗ ನನಗೆ ಐದು, ಅವಳಿಗೆ ಹದಿನೈದು, ಸ್ಕೂಲಿನಿಂದ ಬಂದವಳನ್ನು ಹೊಸ್ತಿಲಲ್ಲೇ ತಡೆದು ಅಂಗೈ ತಿರುಗಿಸಿ ನೋಡಿ, ಉಗುರು ನೋಡಿ, ಅನುಮಾನ ಬಂದರೆ ಮೂಸಿಯೂ ನೋಡಿ, ಆಮೇಲೆ ತಟ್ಟೆ. ಪೊಲೀಸಮ್ಮ ಎಂದು ಕರೆಯುತ್ತಿದ್ದೆ, ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಆಪರೇಷನ್ ಆಗಿ ಕಣ್ಣು ಬಿಟ್ಟವಳು ನಾನೆಲ್ಲಿದ್ದೇನೆ ಎಂದು ಕೇಳಲಿಲ್ಲ, ಒಣಗಿದ ತುಟಿಯಲ್ಲಿ ಕೈ ತೊಳ್ಕೊಂಡ್ಯೇನೇ ಎಂದಳು, ನಾನು ಎದೆಯುಬ್ಬಿಸಿ, ನೋಡು ಪೊಲೀಸಮ್ಮ, ಕೈ ಚಾಚಿದ್ರೆ ಸಿಗುತ್ತೆ, ಇಟ್ಟಿದ್ದು ನಿನ್ನ ತಂಗಿ, ಎಂದು ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ, ಬೆರಳ ಸಂದು, ಹೆಬ್ಬೆರಳು, ಮಣಿಕಟ್ಟು, ಬೇರೆಯವರ ನೆಂಟರಿಗೆ ಸಿಸ್ಟರುಗಳು ನನ್ನನ್ನು ತೋರಿಸಿ ಅವ್ರನ್ನ ನೋಡಿ ಕಲೀರಿ ಎನ್ನುತ್ತಿದ್ದರು, ನನಗೋ ಹಿಗ್ಗು. ಅವಳು ಕುಡಿಯದೆ ಬಿಟ್ಟ ಹಾಲನ್ನು ಬೇಸಿನ್ನಿಗೇ ಸುರಿದೆ, ಉಳಿದ ಗ್ಲೂಕೋಸನ್ನು ಸಿಸ್ಟರುಗಳೂ ಅದಕ್ಕೇ, ಹತ್ತಿರ ಅಲ್ಲವೇ, ತೂತಿನೊಳಗೆ ಕೂತಿದ್ದಕ್ಕೆ ಎಲ್ಲರೂ ಸೇರಿ ಹೊಟ್ಟೆ ತುಂಬ ಉಣಿಸಿದೆವು. ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ತೊಳೆಯುತ್ತಿದ್ದೇನೆ, ಅಕ್ಕ ಮುಖ ಸಿಂಡರಿಸಿ, ಏಯ್, ನೀರು ಮುಖಕ್ಕೆ ಹಾರುತ್ತೆ ಕಣೇ, ಎಂದಳು, ಕಿವಿಯ ಕೆಳಗೆ, ಕೆನ್ನೆಯ ಮೇಲೆ ಒಂದು ಹನಿ, ಸಾಸಿವೆ ಕಾಳಿನಷ್ಟು, ಬೆಳಕಿಗೆ ಮಿನುಗುತ್ತಿತ್ತು, ಹೋಗ್ಲಿ ಬಿಡು, ನಿಂಗೂ ಸ್ನಾನ ಆಯ್ತಲ್ಲ ಎಂದು ನಗುತ್ತ ಹೆಬ್ಬೆರಳಿನಿಂದ ಒರೆಸಿದೆ — ಒರೆಸಿದೆನೋ, ಕತ್ತಿನ ಸೂಜಿಯವರೆಗೆ ಎಳೆದೆನೋ, ಎಷ್ಟು ನೆನಪಿಸಿಕೊಂಡರೂ ಹೆಬ್ಬೆರಳು ಯಾವ ಕಡೆಗೆ ಹೋಯಿತೆಂದು ನೆನಪಾಗುತ್ತಿಲ್ಲ.

ಪರದೆಯಾಚೆ ಯಾರೋ ಕೆಮ್ಮುತ್ತಿದ್ದಾರೆ, ಸಿಸ್ಟರ್ ಸಿರಿಂಜಿನಲ್ಲಿ ನೀಲಿ ಬಣ್ಣ ಎಳೆದು ಬೇಸಿನ್ನಿನ ತೂತಿನೊಳಗೆ ಬಿಡುತ್ತಿದ್ದಾಳೆ, ಸೋಂಕು ಎಲ್ಲಿಂದ ಬಂತೆಂದು ಹುಡುಕುವುದೇ ಇವಳ ಕೆಲಸ, ಅಕ್ಕನ ರಕ್ತದಲ್ಲಿ ಸಿಕ್ಕಿದ್ದೂ ಈ ತೂತಿನಿಂದ ಒರೆಸಿ ತೆಗೆದದ್ದೂ ಒಂದೇ ಕ್ರಿಮಿ ಎಂದು ಲ್ಯಾಬಿನವರು ಬರೆದುಕೊಟ್ಟಿದ್ದಾರೆ, ಅಲ್ಲಿಂದ ಇಲ್ಲಿಗೆ ಹೇಗೆ ಹಾರಿತು ಎಂಬುದೊಂದು ಬಾಕಿ. ನಾನು ಯಾರೆಂದು ಇವಳಿಗೆ ಗೊತ್ತಿಲ್ಲ, ನಾನು ನಾಲ್ಕನೇ ಬೆಡ್ಡಿನ ತಂಗಿ, ಅಷ್ಟೇ. ಇದನ್ನ ಇಲ್ಲಿ ತಂದಿಟ್ಟ ಮಹಾನುಭಾವ ಯಾರೋ ಎಂದು ಗೊಣಗುತ್ತಾಳೆ, ಮಹಾನುಭಾವ, ಗಂಡಸೇ ಎಂದುಕೊಂಡಿದ್ದಾಳೆ, ಅಷ್ಟಾದರೂ ರಿಯಾಯಿತಿ. ಬನ್ನಿ, ನೀವೇ ತೊಳೀರಿ, ದಿನಾ ತೊಳೆಯೋ ಹಾಗೇ, ನಿಮ್ಮಷ್ಟು ಚೆನ್ನಾಗಿ ಯಾರೂ ತೊಳೆಯಲ್ಲ. ನನಗೆ ಭಯವಾಗುತ್ತದೆ, ಆದರೂ ನಲ್ಲಿ ಪೂರ್ತಿ ತಿರುಗಿಸುತ್ತೇನೆ, ಬೆರಳ ಸಂದು, ಹೆಬ್ಬೆರಳು, ಮಣಿಕಟ್ಟು, ನೀರು ತೂತಿಗೆ ಹೊಡೆಯುವ ಸದ್ದು, ಇಷ್ಟು ಜೋರಾಗಿತ್ತೇ ಇದು, ಇಷ್ಟು ದಿನ ಕೇಳಿಸಲೇ ಇಲ್ಲವಲ್ಲ, ಸಾಕು ಎಂದಳು, ನಿಲ್ಲಿಸಿದೆ. ಕಂಬಿಯ ಕಾಗದದ ಮೇಲೆ ಹದಿನಾಲ್ಕು ನೀಲಿ ಚುಕ್ಕೆ, ಹಾಸಿಗೆಯಂಚಿನಲ್ಲಿ ಆರು, ಅವಳು ಒಂದೊಂದಕ್ಕೂ ಪೆನ್ಸಿಲಿನಿಂದ ಸುತ್ತು ಹಾಕುತ್ತಾಳೆ, ದಿಂಬಿನವರೆಗೆ ಅಳತೆಯ ಟೇಪು ಹಿಡಿದು ಎಂಬತ್ತು ಸೆಂಟಿಮೀಟರು ಎಂದು ಬರೆದುಕೊಳ್ಳುತ್ತಾಳೆ, ನಕ್ಷೆಯಲ್ಲಿ ನಾನು ಬರೆದದ್ದೂ ಎಂಬತ್ತೇ, ಒಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ಸದ್ಯ, ಇದೊಂದೇ ಕಡೆ ಇರೋದು, ಇವತ್ತೇ ಕೀಳಿಸ್ತೀನಿ, ಎನ್ನುತ್ತಾಳೆ, ಅವಳ ಮುಖದಲ್ಲಿ ನೆಮ್ಮದಿ, ಒಂದೇ ಅಂತೆ, ನಾನು ಸುಮ್ಮನಿದ್ದರೆ ಒಂದೇ, ಐದು ಊರುಗಳಲ್ಲಿ ಐದು ಕಿಟಕಿಗಳ ಪಕ್ಕ ಐದು ನಾಲ್ಕನೆಯ ಹಾಸಿಗೆಗಳು, ಈ ಹೊತ್ತಿಗೂ ಯಾರದೋ ತಂಗಿ ಶ್ರದ್ಧೆಯಿಂದ ಕೈ ತೊಳೆಯುತ್ತಿರಬೇಕು, ಹೇಳಿದರೆ ನಾಳೆಯಿಂದ ನನ್ನ ಮುಖ ನೋಡುವವರಿಲ್ಲ, ಅಕ್ಕ ಎದ್ದರೆ ಅವಳಿಗೂ ಹೇಳಬೇಕು, ಎದ್ದರೆ — ಇನ್ನೂ ಐದು ಕಡೆ ಇದೆ ಸಿಸ್ಟರ್, ಬರೆದವಳು ನಾನೇ. ಹೇಳಿಬಿಟ್ಟೆನೇ, ಹೇಳಿದೆ, ಅವಳು ಬೈಯಲಿಲ್ಲ, ಹೊಸ ಹಾಳೆ ತಿರುವಿ ಪೆನ್ಸಿಲ್ ಹಿಡಿದು, ಯಾವ್ಯಾವ ಆಸ್ಪತ್ರೆ, ಈಗಲೇ ಫೋನ್ ಮಾಡೋಣ, ಹೇಳಿ, ಎನ್ನುತ್ತಾಳೆ, ಹೇಳುತ್ತಿದ್ದೇನೆ, ಒಂದು, ಎರಡು, ನನ್ನ ಕೈ ಇನ್ನೂ ತೊಟ್ಟಿಕ್ಕುತ್ತಿದೆ, ಮೂರು, ಕಣ್ಣು ಮಾತ್ರ ದಿಂಬಿನ ಮೇಲೆ, ಅಲ್ಲಿ ಒಂದೇ ಒಂದು, ಸಾಸಿವೆ ಕಾಳಿನಷ್ಟು, ಕಿವಿಯ ಕೆಳಗೆ, ಕೆನ್ನೆ ಇರುತ್ತಿದ್ದಲ್ಲಿ, ಮುಟ್ಟಬೇಡಿ, ಅದನ್ನ ಒರೆಸಬೇಡಿ ಎನ್ನುತ್ತಿದ್ದಾಳೆ ಸಿಸ್ಟರ್, ಹೆಬ್ಬೆರಳು ಆಗಲೇ ಅದರ ಮೇಲಿದೆ, ಎಳೆದಿದೆ, ನೀಲಿ ಗೆರೆ ಕತ್ತಿನ ಕಡೆಗೇ — ಕೆನ್ನೆಯ ಮೇಲೆ ಒಂದು ಹನಿ, ಒಂದು ಹನಿ