ಹೂವು ಆರಿಸಿದ ಮೆಂಬರು

ಊರ ಮುಂದಿನ ನೀರಿನ ತೊಟ್ಟಿ ಒಡೆದು ಎರಡು ಬೇಸಿಗೆ ಕಳೆದಿದ್ದವು. ಪಾಲಾಕ್ಷಪ್ಪ ಕುರಿಗಳಿಗೆ ದೂರದ ಹಳ್ಳದಲ್ಲಿ ನೀರು ಕುಡಿಸಿ ಮರಳುವಷ್ಟರಲ್ಲಿ ಅವಕ್ಕೆ ಮತ್ತೆ ಬಾಯಾರುತ್ತಿತ್ತು, ಅವನಿಗೂ. ಈ ಸಲ ದಾರಿಯಲ್ಲೇ ಮರಿಗಳು ಸತ್ತವು.

ತೊಟ್ಟಿ ಕಟ್ಟಿಸು ಎಂದಾಗಲೆಲ್ಲ ವಾರ್ಡಿನ ಮೆಂಬರು ಗುರುಸಂಗಪ್ಪನದು ಒಂದೇ ಮಾತು: "ನಾನೇನ್ ನಿನ್ನ ಓಟು ಕೇಳಿದ್ನೇನು? ಊರಮ್ಮ ಹೂ ಕೊಟ್ಲು, ಕುಂತೀನಿ."

ಸುಳ್ಳಲ್ಲ. ಕಳೆದ ಪಂಚಾಯ್ತಿ ಚುನಾವಣೆಯಲ್ಲಿ ಜಗಳ ಬೇಡವೆಂದು ಹಿರಿಯರು ಊರಮ್ಮನ ಗುಡಿಯಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಹೂ ಕೇಳಿದ್ದರು. ದೇವಿಯ ಬಲಗಡೆಯಿಂದ ಹೂ ಬಿದ್ದದ್ದು ಗುರುಸಂಗಪ್ಪನ ಹೆಸರಿಗೆ. ಉಳಿದವರು ನಾಮಪತ್ರ ಹಾಕಲಿಲ್ಲ, ಅವಿರೋಧ ಆಯ್ಕೆ. ಊರವರು ಪಟಾಕಿ ಹೊಡೆದು ಮನೆಗೆ ಹೋಗಿ ಮಲಗಿದರು. ಮೆಂಬರೂ ಮಲಗಿದ.

ಪಂಚಾಯ್ತಿ ಚುನಾವಣೆ ಮತ್ತೆ ಬಂತು. ಮತ್ತೆ ಹೂ ಕೇಳೋಣವೆಂದರು ಹಿರಿಯರು. ಪಕ್ಕದ ಮನೆಯ ಪುಷ್ಪಲತಾ, ಮಹಿಳಾ ಸಂಘ ನಡೆಸುವವಳು, ಪಾಲಾಕ್ಷಪ್ಪನ ಮನೆಯ ಕಟ್ಟೆಗೆ ಬಂದು ಕುಳಿತಳು.

"ಮಾವ, ಈ ಸಲ ನಮ್ಮ ಮರುಳಸಿದ್ದಮ್ಮ ಅತ್ತೀನ ನಿಲ್ಲಿಸ್ರಿ."

"ಓಟಂದ್ರ ಜಗಳ ಯವ್ವಾ. ಹಿಂದಕ ಓಟಾದಾಗ ನಾನೂ ನಮ್ಮಣ್ಣನೂ ವರ್ಷಗಟ್ಲೆ ಮಾತಾಡ್ಲಿಲ್ಲ. ಗೆದ್ದವನಾದ್ರೂ ಏನ್ ಕಡದು ಕಟ್ಟಿ ಹಾಕ್ದ? ಸಾಕಾಗೇತಿ."

"ಏನೂ ಮಾಡ್ಲಿಲ್ಲ, ಖರೆ. ಅದಕ ಮುಂದಿನ ಸಲ ಸೋಲಿಸಿದ್ರಿ. ಹೂವನ್ನ ಹೆಂಗ್ ಸೋಲಿಸ್ತೀರಿ?"

"ಹಂಗಾರ ದೇವ್ರು ಆರಿಸಿದ್ದು ತಪ್ಪೇನು?"

ಒಳಗಿನಿಂದ ಹೆಂಡತಿ ಮರುಳಸಿದ್ದಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಊರಮ್ಮ ಮಳಿ ಬೆಳಿ ನೋಡ್ಕೊಳ್ಳಲಿ ಬಿಡ್ರಿ. ತೊಟ್ಟಿ ಕೆಲಸನೂ ಆಕಿಗೇ ಹಚ್ಚಬೇಕೇನು? ನಾನು ನಿಲ್ತೀನಿ. ಸೂಚಕ ಅಂತ ನೀವು ಸಹಿ ಹಾಕ್ರಿ."

"ಸೋತ್ರ?"

"ಸೋತ್ರ ಗೆದ್ದವನ್ನ ಗ್ರಾಮಸಭಾದಾಗ ನಿಂತು ಕೇಳ್ತೀನಿ. ಓಟು ಬೇಡಿದವ ಉತ್ತರ ಕೊಡಬೇಕಾಕ್ಕತಿ."

ಪಾಲಾಕ್ಷಪ್ಪನಿಗೆ ನಂಬಿಕೆ ಬಂದಿತೆನ್ನುವುದಕ್ಕಿಂತ, ಹಳ್ಳಕ್ಕೆ ನಡೆದು ನಡೆದು ಕಾಲು ಸೋತಿತ್ತು. ಸಹಿ ಹಾಕಿದ.

ನಾಮಪತ್ರ ಸಲ್ಲಿಸಿದ ಮರುದಿನ ಬೆಳಿಗ್ಗೆ ಗುರುಸಂಗಪ್ಪ ಕೈಮುಗಿದುಕೊಂಡು ಬಾಗಿಲಿಗೆ ಬಂದ. "ಪಾಲಾಕ್ಷಣ್ಣಾ, ಆ ತೊಟ್ಟಿ ಯಾವ ಕಡಿ ಒಡದೈತ್ರಿ?"

ಐದು ವರ್ಷದಲ್ಲಿ ತೊಟ್ಟಿಯ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಪಾಲಾಕ್ಷಪ್ಪ ಚಪ್ಪಲಿ ಮೆಟ್ಟಿದ. "ಬರ್ರಿ, ತೋರಸ್ತೀನಿ. ಓಟು ಮಾತ್ರ ನನ್ನ ಹೆಂಡ್ತಿಗೆ."

ಓದುಗರೇ, ಓಟಿನಿಂದ ಮರುದಿನವೇ ನೀರು ಬರುವುದಿಲ್ಲ. ಜಗಳ ಇರುತ್ತದೆ, ಕೊಟ್ಟ ಮಾತು ಮುರಿಯುತ್ತದೆ, ಕೆಲಸ ತಡವಾಗುತ್ತದೆ. ಬೇಸರವಾದರೂ ನಿಮ್ಮೂರಿನ ಪಂಚಾಯ್ತಿ ಸ್ಥಾನವನ್ನು ಹೂವಿಗೂ ಹಣದ ಹರಾಜಿಗೂ ಬಿಡಬೇಡಿ. ಓಟು ಹಾಕಿ, ಆಮೇಲೆ ಗ್ರಾಮಸಭೆಗೆ ಹೋಗಿ, ಕೇಳಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ.